ಬಚ್ಚಲ ಮೂಲೆಯ ಯುರೋಪು

ಮೊನ್ನೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕಡಕ್ ರೊಟ್ಟಿಯ ಪೊಟ್ಟಣ ಕೈಗೆತ್ತಿಕೊಂಡೆ. ಮೇಲೆ ಪ್ಲಾಸ್ಟಿಕ್ಕು, ಒಳಗೆ ಹತ್ತು ರೊಟ್ಟಿ, ಹಿಂಬದಿಗೆ ಕನ್ನಡಕ ಏರಿಸಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಮೂರು ತಿಂಗಳೊಳಗೆ ತಿಂದು ಮುಗಿಸಬೇಕೆಂಬ ಅಪ್ಪಣೆ. ಅಂಗಡಿಯ ಹುಡುಗನನ್ನು ಕೇಳಿದೆ, "ಮೂರು ತಿಂಗಳ ಅಂತ ಯಾರು ಪರೀಕ್ಷಾ ಮಾಡಿ ಹೇಳ್ಯಾರಪಾ?" ಅವನು ನನ್ನ ನರೆತ ತಲೆಯನ್ನು ನೋಡಿ, "ಅದು ಮಷೀನಿನ್ಯಾಗ ಬರ್ತೈತ್ರೀ ಅಮ್ಮಾರ" ಅಂದ. ನಾನು ಅಲ್ಲೇ ನಿಂತು ನಕ್ಕೆ. ಹಿಂದೆ ನಿಂತಿದ್ದ ಗಿರಾಕಿಗೆ ಸಿಟ್ಟು ಬಂತು. ಅವರಿಗೇನು ಗೊತ್ತು, ಒಂದು ರೊಟ್ಟಿ ಎಷ್ಟು ದಿನ ಬಾಳುತ್ತದೆ ಎಂಬುದರ ಮೇಲೆ ನನ್ನ ಬದುಕಿನ ಒಂದು ವರ್ಷ ಏಳು ದಿನ ಜೋತು ಬಿದ್ದಿತ್ತೆಂದು!

ಎಪ್ಪತ್ತರ ದಶಕದ ಮಾತು. ನನಗೆ ಆಗ ಇಪ್ಪತ್ತೊಂದು. ನವಲಗುಂದ ತಾಲೂಕಿನ ತಿರ್ಲಾಪುರ ನಮ್ಮೂರು. ಎರಿ ಹೊಲ, ಹತ್ತಿ, ಜೋಳ, ಮಳೆ ಬಂದರೆ ಕಾಲಿಗೆ ಸೇರುಗಟ್ಟಲೆ ಅಂಟುವ ಮಣ್ಣು. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ. ಮುಂದೆ ಬಿ.ಎಡ್. ಎಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅಷ್ಟರಲ್ಲಿ ರೈತರ ಮಕ್ಕಳನ್ನು ಒಂದು ವರ್ಷ ಪರದೇಶದ ರೈತರ ಮನೆಯಲ್ಲಿ ಇಡುವ ಯೋಜನೆಯೊಂದಕ್ಕೆ ಗೆಳತಿಯರ ಜೊತೆ ಚೇಷ್ಟೆಗೆಂದು ಅರ್ಜಿ ಹಾಕಿದ್ದೆ. ಚೇಷ್ಟೆ ಅಂತ ಹೇಳುವುದು ಈಗಿನ ಜಂಬ. ಹಾಕಿದ ದಿನದಿಂದ ಟಪಾಲಿನವನ ಸೈಕಲ್ ಗಂಟೆಗೆ ಕಿವಿ ಕೊಟ್ಟು ಕೂತಿದ್ದೆ. ಸಂದರ್ಶನಕ್ಕೆ ಕರೆದರು, ಹೋಗಿ ಬಂದೆ. ಒಂದು ದಿನ ಉದ್ದನೆಯ ಲಕೋಟೆ ಬಂತು.

ನನ್ನನ್ನು ಆರಿಸಿದ್ದರು. ಒಳಗೆ ಇನ್ನೊಂದು ಅರ್ಜಿಯಿತ್ತು. ಉತ್ತರ ಯುರೋಪು, ಪೂರ್ವ ಆಫ್ರಿಕಾ, ಆಗ್ನೇಯ ಏಷ್ಯಾ, ಈ ಮೂರು ಸೀಮೆಗಳಲ್ಲಿ ಯಾವುದಾದರೂ ಒಂದರ ಮುಂದೆ ಗುರುತು ಹಾಕಬೇಕು. ಕೆಳಗೆ ತಂದೆಯ ಸಹಿ ಬೇಕು. ಹತ್ತು ದಿನದೊಳಗೆ ಧಾರವಾಡದ ಕಚೇರಿಗೆ ಖುದ್ದಾಗಿ ಮುಟ್ಟಿಸಬೇಕು. ತಪ್ಪಿದರೆ ಯಾದಿಯಲ್ಲಿ ನನ್ನ ಕೆಳಗಿರುವವರಿಗೆ ಅವಕಾಶ. ನನ್ನ ಕೆಳಗೆ ಯಾರಿದ್ದಾರೆಂದು ನನಗೆ ಗೊತ್ತಿತ್ತು. ಕಲಘಟಗಿ ಕಡೆಯ ಒಬ್ಬ ಹುಡುಗಿ. ಸಂದರ್ಶನದ ದಿನವೇ ನನ್ನ ಕೈ ಹಿಡಿದು, "ನಿಮ್ಮ ಮನ್ಯಾಗ ಬ್ಯಾಡ ಅಂದ್ರ ತಡಾ ಮಾಡಬ್ಯಾಡ್ರೀ, ಲಗೂನ ಹೇಳಿಬಿಡ್ರಿ" ಅಂದಿದ್ದಳು. ಆ ಹತ್ತು ದಿನ ನನ್ನ ಕಣ್ಣ ಮುಂದೆ ಅವಳು ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಳು.

ನನಗೆ ಯುರೋಪೇ ಬೇಕಿತ್ತು. ಕಾರಣ ಹೇಳಿದರೆ ನಗುತ್ತೀರಿ. ನಮ್ಮ ಪಡಸಾಲೆಯ ಗೋಡೆಯ ಮೇಲೆ ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಇತ್ತು. ಅದರಲ್ಲಿ ಹಿಮ ಬಿದ್ದ ಬಯಲು, ಒಂದು ಕೆಂಪು ಮನೆ, ಬಾಗಿಲಲ್ಲಿ ದಪ್ಪ ಆಕಳು. ವರ್ಷ ಮುಗಿದರೂ ಕ್ಯಾಲೆಂಡರು ತೆಗೆಯಲು ನಾನು ಬಿಟ್ಟಿರಲಿಲ್ಲ. ಪದವಿ ಪಡೆದ ಹುಡುಗಿ ಕ್ಯಾಲೆಂಡರಿನ ಚಿತ್ರ ನೋಡಿ ದೇಶ ಆರಿಸುವುದೆ ಎಂದು ಯಾರಾದರೂ ಕೇಳಿದ್ದರೆ ಭೂಗೋಳ, ಹೈನುಗಾರಿಕೆ ಅಂತ ಏನಾದರೂ ಗಂಭೀರವಾಗಿ ಹೇಳುತ್ತಿದ್ದೆ. ನಿಜ ಅಂದರೆ, ಹುಟ್ಟಿದಾಗಿನಿಂದ ಕಪ್ಪು ಮಣ್ಣು ನೋಡಿದ ಕಣ್ಣಿಗೆ ಒಮ್ಮೆ ಬಿಳಿ ನೆಲ ನೋಡಬೇಕಾಗಿತ್ತು. ಅಷ್ಟೇ.

ಮನೆಯಲ್ಲಿ ಅಪ್ಪನ ಮಾತು ಕಡಿಮೆ. ಲಕೋಟೆಯನ್ನು ಎರಡು ಸಲ ಓದಿ, ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಬಾಜು ಇಟ್ಟರು. "ನಿಮ್ಮವ್ವ ಹ್ಞೂ ಅಂದ್ರ ನಂದೂ ಹ್ಞೂ" ಅಂದರು. ಇದು ಒಪ್ಪಿಗೆಯಂತೆ ಕೇಳಿಸುತ್ತದೆ. ನಮ್ಮವ್ವನನ್ನು ಬಲ್ಲವರಿಗೆ ಮಾತ್ರ ಇದರ ಭಯ ಗೊತ್ತು.

ಅವ್ವನ ವಿಷಯ ಹೇಳದೆ ಮುಂದೆ ಹೋಗಲಾಗದು. ನಾನು ಧಾರವಾಡದಲ್ಲಿದ್ದ ಮೂರು ವರ್ಷವೂ ಮುಂಜಾನೆಯ ಬಸ್ಸಿಗೆ ನನ್ನ ಬುತ್ತಿ ಬರುತ್ತಿತ್ತು. ಆಗಿನ ಪದ್ಧತಿ ಅದು. ಊರೂರಿನ ಅವ್ವಂದಿರು ನಸುಕಿನಲ್ಲೆದ್ದು ರೊಟ್ಟಿ ತಟ್ಟಿ, ಪಲ್ಯೆ, ಚಟ್ನಿಪುಡಿ ಹಾಕಿ, ಡಬ್ಬಿಗೆ ಹೆಸರು ಬರೆಸಿ ಬಸ್ಸಿಗೆ ಇಡುವುದು, ಓದುವ ಮಕ್ಕಳು ಬಸ್‌ಸ್ಟ್ಯಾಂಡಿಗೆ ಬಂದು ತಮ್ಮ ತಮ್ಮ ಡಬ್ಬಿ ಹುಡುಕಿಕೊಂಡು, ನಿನ್ನೆಯ ಖಾಲಿ ಡಬ್ಬಿ ವಾಪಸು ಇಡುವುದು. ನನ್ನ ಖಾಲಿ ಡಬ್ಬಿಯನ್ನು ಅವ್ವ ಕಾಗದ ಓದಿದ ಹಾಗೆ ಓದುತ್ತಿದ್ದಳು. ಒಮ್ಮೆ ಜ್ವರ ಬಂದು ಎರಡು ರೊಟ್ಟಿ ಹಾಗೇ ಉಳಿದವು. ಗೆಳತಿಯ ಕೈಯಲ್ಲಿ ಡಬ್ಬಿ ವಾಪಸು ಕಳಿಸಿದೆ. ಮರುದಿನ ಬಸ್ಸಿನಿಂದ ಡಬ್ಬಿ ಇಳಿಯಲಿಲ್ಲ, ಅವ್ವನೇ ಇಳಿದಳು. ಹಾಸ್ಟೆಲಿನ ಬಾಗಿಲಲ್ಲಿ ನಿಂತು, "ಎರಡ ರೊಟ್ಟಿ ಉಳಿಸಿದಿ. ಏನಾಗೈತಿ ಹೇಳು" ಅಂದಳು. ಹಾಸ್ಟೆಲಿನ ಹುಡುಗಿಯರೆಲ್ಲ ನಕ್ಕರು. ನಾನು ನಾಚಿ ಸತ್ತೆ, ಆಮೇಲೆ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ.

ಇಂಥವಳಿಗೆ, ಬಸ್ಸು ಹೋಗದ ದೇಶಕ್ಕೆ ಒಂದು ವರ್ಷ ಹೋಗುತ್ತೇನೆ ಅಂದರೆ ಏನಾಗಬೇಕು? ಅವಳು ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಅಲ್ಲೆ ಜ್ವಾಳ ಬೆಳಿತಾರೇನು?"

ಶನಿವಾರ ಕಾಕಾ ಬಂದರು. ಅಪ್ಪನ ತಮ್ಮ, ನವಲಗುಂದದಲ್ಲಿ ಭೂಗೋಳದ ಮಾಸ್ತರು. ಶಾಲೆಯ ಜಗತ್ತಿನ ನಕಾಶೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. ಅದನ್ನು ಪಡಸಾಲೆಯ ಗೂಟಕ್ಕೆ ತೂಗುಬಿಟ್ಟು, ನವಲಗುಂದ ಇರಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಗೇಣು ಹಾಕಿ ಅಳೆದಳು. ಆಫ್ರಿಕಾ ಅರ್ಧ ಗೇಣು. ಆಗ್ನೇಯ ಏಷ್ಯಾ ಅದಕ್ಕಿಂತ ತುಸು ಹೆಚ್ಚು. ಯುರೋಪು ಒಂದು ಗೇಣು ಮೀರಿ ಒಂದು ಬೆರಳು.

"ಈ ಅರ್ಧ ಗೇಣಿಂದು ಚಲೋ ಕಾಣ್ತೈತಿ" ಅಂದಳು.

"ಅಲ್ಲೆ ಜ್ವಾಳಾನೂ ಬೆಳಿತಾರ್ರೀ ವೈನಿ. ನಮ್ಮಂಗ ಕರಿ ಮಣ್ಣೂ ಐತಿ ಕೆಲವು ಕಡೆ" ಅಂದರು ಕಾಕಾ.

ಅವ್ವನ ಮುಖ ಅರಳಿತು. ನನ್ನದು ಬಾಡಿತು. ಕರಿ ಮಣ್ಣು, ಜೋಳ ಬಿಟ್ಟು, ಅರ್ಧ ಗೇಣು ದಾಟಿ, ಮತ್ತೆ ಕರಿ ಮಣ್ಣು, ಜೋಳ ನೋಡುವುದಕ್ಕೆ ಹೋಗಬೇಕೆ? ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಒಳಗಿನಿಂದ, "ಆ ಕಡೆ ಬ್ಯಾಡ" ಅಂದರು. ಆ ಖಂಡದ ಯಾವುದೋ ದೇಶದಿಂದ ನಮ್ಮವರನ್ನು ಹೊರಗೆ ಹಾಕಿದ ಸುದ್ದಿಯನ್ನು ಅವರು ರೇಡಿಯೋದಲ್ಲಿ ಕೇಳಿದ್ದರು. ಅದು ಬೇರೆ ದೇಶ, ಇದು ಬೇರೆ ದೇಶ ಎಂದು ಕಾಕಾ ಬಿಡಿಸಿ ಹೇಳಿದರು. ಅಪ್ಪ ಎರಡನೆಯ ಸಲ "ಬ್ಯಾಡ" ಅಂದರು. ಅವರು ಎರಡು ಸಲ ಹೇಳಿದ ಮಾತು ಮೂರನೆಯ ಸಲ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಎತ್ತಿಗೂ ಇರಲಿಲ್ಲ. ಆಫ್ರಿಕಾ ಹೋಯಿತು. ಒಳಗೊಳಗೇ ನನಗೆ ಖುಷಿ.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಜೋಳ ಬೆಳೆಯುವ ಸೀಮೆ ಕೈತಪ್ಪಿದ ಮೇಲೆ ಅವ್ವ ಹೊಸ ಲೆಕ್ಕ ಹಾಕಿದಳು. ಅಲ್ಲಿಯವರು ಏನು ತಿನ್ನುತ್ತಾರೋ, ಯಾವ ಪಾತ್ರೆಯಲ್ಲಿ ಏನು ಬೇಯಿಸಿರುತ್ತಾರೋ. ಆದ್ದರಿಂದ ಕಡಕ್ ರೊಟ್ಟಿ ಮಾಡಿ ತಗಡಿನ ಡಬ್ಬಿಗಳಲ್ಲಿ ತುಂಬಿ ಜೊತೆಗೆ ಕೊಡುವುದು, ಮುಂದೆ ಹಡಗಿನ ಪಾರ್ಸಲ್ಲಿನಲ್ಲಿ ಕಳಿಸುವುದು. ಕಡಕ್ ರೊಟ್ಟಿ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು. ಆದರೆ ಅಲ್ಲಿ?

"ಯುರೋಪ ಅಂದ್ರ ಬಾರಾ ಮಹಿನೆ ತಂಪು, ಥಂಡಿ, ಮಂಜು. ಆ ಏಷ್ಯಾದ ಕಡೆ ಬೆಚ್ಚಗ ಇರ್ತೈತಿ, ಆದ್ರ ಮಳಿ ಬಾಳ" ಅಂದರು ಕಾಕಾ. ಅವರು ಮಾಸ್ತರು. ಕೇಳಿದ್ದಕ್ಕೆ ಖರೆ ಉತ್ತರ ಕೊಡುವ ಚಟ. ಆವತ್ತು ಅವರ ಬಾಯಿಗೆ ಬೀಗ ಹಾಕಬೇಕೆನಿಸಿತು ನನಗೆ.

ಅವ್ವ ಎದ್ದು ಎರಡು ಸಣ್ಣ ಬುಟ್ಟಿ ತಂದಳು. ಒಂದೊಂದರಲ್ಲಿ ತಾನು ತಟ್ಟಿದ ಕಡಕ್ ರೊಟ್ಟಿ ಒಂದೊಂದು ಇಟ್ಟು ಅರಿವೆ ಮುಚ್ಚಿದಳು. ಒಂದನ್ನು ದನಗಳ ಉಸಿರಿಗೆ ಸದಾ ಬೆವರುವ ಕೊಟ್ಟಿಗೆಯ ಗೂಡಿನಲ್ಲಿಟ್ಟಳು. ಅದು ಆಗ್ನೇಯ ಏಷ್ಯಾ. ಇನ್ನೊಂದನ್ನು ಬಚ್ಚಲಿನಲ್ಲಿ ಹಂಡೆಯಿಂದ ದೂರದ ತಂಪು ಮೂಲೆಯ ಹಲಗೆಯ ಮೇಲೆ ಇಟ್ಟಳು. ಅದು ಯುರೋಪು.

"ನಾಳಿ ಆಯ್ತವಾರದಿಂದ ಮುಂದಿನ ಆಯ್ತವಾರದ ಮಟ ಯಾರೂ ಮುಟ್ಟಬಾರ್ದು. ರೊಟ್ಟಿ ಕೆಡದ ಕಡೆ ಹೋಗು. ಎರಡೂ ಕೆಟ್ಟವು ಅಂದ್ರ ಸುಮ್ನ ಬಿ.ಎಡ್. ಮಾಡು. ಆಮ್ಯಾಲ ನನ್ನ ಮುಂದ ಆ ಮಾತ ತಗೀಬಾರ್ದು."

"ಇದೆಂಥಾ ಪರೀಕ್ಷಾ ಬೇ?" ಅಂದೆ.

"ನಿಮ್ಮ ಕಾಲೇಜಿನ್ಯಾಗ ನಳಿಗಿ ಹಿಡ್ಕೊಂಡು ಮಾಡ್ತಿದ್ದಿಲ್ಲ? ಅಂಥಾದ್ದ" ಅಂದಳು. ಕಾಕಾ ತಲೆದೂಗಿದರು. ವೈಜ್ಞಾನಿಕ ಐತಿ ಅಂದರು. ಆ ಮನುಷ್ಯನನ್ನು ಏನು ಮಾಡಬೇಕು ಹೇಳಿ.

ಮೊದಲ ದಿನವೇ ಆಗ್ನೇಯ ಏಷ್ಯಾವನ್ನು ಇಲಿ ತಿಂದಿತು. ಅಷ್ಟು ದೊಡ್ಡ ಸೀಮೆ, ಅಷ್ಟೊಂದು ದ್ವೀಪ, ಮುಂಜಾನೆ ನೋಡಿದರೆ ನಾಲ್ಕು ಚೂರು. ಇನ್ನೊಮ್ಮೆ ಇಡೋಣವೆಂದೆ. "ಇಲಿ ಬಂತು ಅಂದ್ರ ಅದೂ ಒಂದು ಲಕ್ಷಣ" ಎಂದು ಅವ್ವ ಬುಟ್ಟಿ ತೊಳೆದಿಟ್ಟಳು. ಇನ್ನು ಉಳಿದದ್ದು ಬಚ್ಚಲ ಮೂಲೆಯ ಯುರೋಪು ಮಾತ್ರ. ಅದು ಕೆಟ್ಟರೆ ನಾನು ಎಲ್ಲಿಗೂ ಹೋಗುವುದಿಲ್ಲ, ಕಲಘಟಗಿಯ ಹುಡುಗಿ ಹೋಗುತ್ತಾಳೆ.

ಆ ವಾರ ನಾನು ಮಾಡಿದಷ್ಟು ಸ್ನಾನ ಆಯುಷ್ಯದಲ್ಲಿ ಮಾಡಿಲ್ಲ. ಬಚ್ಚಲಿಗೆ ಹೋಗಲು ನನಗೆ ಬೇರೆ ನೆಪವಿರಲಿಲ್ಲ. ಬಾಗಿಲು ಹಾಕಿಕೊಂಡು ಮೊದಲು ಅರಿವೆ ಎತ್ತಿ ನೋಡುವುದು, ಆಮೇಲೆ ನೀರು ಹುಯ್ಯುವ ಶಬ್ದ ಮಾಡುವುದು. ಸೋಮವಾರ ಚೆನ್ನಾಗಿತ್ತು. ಮಂಗಳವಾರವೂ ಚೆನ್ನಾಗಿತ್ತು. ಬೇರೆಯವರು ಸ್ನಾನಕ್ಕೆ ಹೋದರೆ ಹೊರಗೆ ನಿಂತು, ಒಂದೊಂದು ತಂಬಿಗೆ ನೀರು ಬಿದ್ದಾಗಲೂ ಹನಿ ಎಲ್ಲಿ ಸಿಡಿಯಿತೋ ಎಂದು ಒದ್ದಾಡುತ್ತಿದ್ದೆ. "ಅಪ್ಪಾ, ಸಾವಕಾಶ ಹುಯ್ಕೋರಿ" ಎಂದು ಒಮ್ಮೆ ಕೂಗಿಯೇ ಬಿಟ್ಟೆ. ಒಳಗಿನಿಂದ ಅಪ್ಪ ಕೆಮ್ಮಿದರು. ಊಟ ಸೇರುತ್ತಿರಲಿಲ್ಲ. ಅವ್ವ ತಾಟಿನಲ್ಲಿ ಉಳಿದ ರೊಟ್ಟಿ ನೋಡುವಳು, ನನ್ನ ಮುಖ ನೋಡುವಳು, ಏನೂ ಅನ್ನುತ್ತಿರಲಿಲ್ಲ. ಅದೇ ನನಗೆ ಹೆದರಿಕೆ.

ಗುರುವಾರ ಅರಿವೆ ಎತ್ತಿದೆ. ರೊಟ್ಟಿಯ ನಡುವೆ ಸಾಸಿವೆ ಕಾಳಿನಷ್ಟು ಮೂರು ಹಸಿರು ಚುಕ್ಕೆ.

ಬೂಷ್ಟು.

ಉಗುರಿನಿಂದ ಕೆರೆದೆ. ಹೋಯಿತು. ಶುಕ್ರವಾರ ಮತ್ತೆ ಬಂತು, ಈ ಸಲ ಏಳೆಂಟು ಕಡೆ. ರೊಟ್ಟಿ ಮೆತ್ತಗಾಗಿತ್ತು, ಮುಟ್ಟಿದರೆ ಬಾಗುತ್ತಿತ್ತು. ಶನಿವಾರ ನೋಡಲೇ ಇಲ್ಲ. ಬಚ್ಚಲಿನೊಳಗೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಹಿಮಕ್ಕಾಗಿ ಅತ್ತೆ ಎಂದುಕೊಂಡಿರಾ? ಆಗ ಹಿಮ, ಆಕಳು ಎಲ್ಲ ಮರೆತುಹೋಗಿತ್ತು. ಒಂದು ವರ್ಷ, ಬರೀ ಒಂದು ವರ್ಷ, ಯಾರ ಮಗಳು, ಯಾರ ಮನೆತನ ಎಂದು ಯಾರೂ ಕೇಳದ ಕಡೆ ಇದ್ದು ಬರಬೇಕೆಂಬ ಆಸೆ ನನಗೆ ಇಷ್ಟು ಗಟ್ಟಿಯಾಗಿತ್ತೆಂದು ಆವತ್ತೇ ತಿಳಿದದ್ದು.

ಆಯ್ತವಾರ ಬೆಳಗಾಗುತ್ತಲೇ, ಅವ್ವ ಹಾಲು ಹಿಂಡಲು ಹೋದ ಹೊತ್ತಿಗೆ, ನಾನು ಅಡುಗೆಮನೆಗೆ ನುಗ್ಗಿದೆ. ಹೌದ್ರಿ, ಕಳ್ಳತನವೇ. ನಾಗಂದಿಗೆಯ ಮೇಲಿನ ದೊಡ್ಡ ಬುಟ್ಟಿಯಿಂದ ಕೈಗೆ ಸಿಕ್ಕ ಒಂದು ಕಡಕ್ ರೊಟ್ಟಿ ಎಳೆದು ಬಚ್ಚಲಿಗೆ ಓಡಿ, ಬೂಷ್ಟು ಹಿಡಿದದ್ದನ್ನು ಹಿತ್ತಲ ತಿಪ್ಪೆಯಲ್ಲಿ ಹೂತು, ಇದನ್ನು ಇಟ್ಟು ಅರಿವೆ ಮುಚ್ಚಿದೆ. ಅವಸರದಲ್ಲಿ ಒಂದು ಸಂಗತಿ ನೋಡಲಿಲ್ಲ. ಆ ಬುಟ್ಟಿಯಲ್ಲಿ ಅವ್ವ ತಟ್ಟಿದ ರೊಟ್ಟಿಗಳ ನಡುವೆ ನಾನು ತಟ್ಟಿದ ಐದಾರು ರೊಟ್ಟಿಯೂ ಇದ್ದವು.

ನನ್ನ ರೊಟ್ಟಿಯ ಖ್ಯಾತಿ ಓಣಿಗೆಲ್ಲ ಗೊತ್ತು. ಅವ್ವನ ರೊಟ್ಟಿ ಹಂಚಿನ ಮೇಲೆ ಚಂದ್ರ ಮೂಡಿದ ಹಾಗೆ ಗುಂಡಗೆ, ತೆಳ್ಳಗೆ, ಅಂಚು ಒಂದೇ ಸಮ. ನನ್ನದು ನಡುವೆ ದಪ್ಪ, ಸುತ್ತ ಸೀಳು, ಒಂದು ಮಗ್ಗಲು ಉದ್ದ. "ಇದ್ಯಾವ ದೇಶದ ನಕಾಶೆ?" ಎಂದು ಕಾಕಾ ಚಾಷ್ಟಿ ಮಾಡುತ್ತಿದ್ದರು.

ಪೂಜೆ ಮುಗಿಸಿ ಅಪ್ಪ ಪಡಸಾಲೆಯಲ್ಲಿ ಕೂತರು. ಮುಂದೆ ಅರ್ಜಿ, ಮಸಿ ಪೆನ್ನು. ಕಾಕಾ ಸಾಕ್ಷಿಗೆ. ಮರುದಿನ ಮುಂಜಾನೆ ಧಾರವಾಡ ಮುಟ್ಟಿಸಿದರೆ ಸೈ, ಇಲ್ಲದಿದ್ದರೆ ಇಲ್ಲ. ಅವ್ವ ಬಚ್ಚಲಿನಿಂದ ಬುಟ್ಟಿ ತಂದು ಎಲ್ಲರ ನಡುವೆ ಇಟ್ಟಳು. ಅರಿವೆ ತೆಗೆದಳು. ರೊಟ್ಟಿ ಎತ್ತಿದಳು.

ಅವಳ ಕೈಯಲ್ಲಿ ಅದನ್ನು ನೋಡಿದ ಕೂಡಲೇ ನನಗೆ ತಿಳಿಯಿತು. ಸೀಳಿದ ಅಂಚು. ದಪ್ಪ ನಡು. ಅವ್ವ ರೊಟ್ಟಿಯನ್ನು ಮಗುಚಿ ನೋಡಿದಳು. ಹೆಬ್ಬೆರಳನ್ನು ಅಂಚಿನ ಗುಂಟ ಮೆಲ್ಲಗೆ ಆಡಿಸಿದಳು. ಒಂದು ಸುತ್ತು ಪೂರ್ತಿ. ಅಪ್ಪನ ಮುಂದೆ ಸುಳ್ಳಿ, ಕಳ್ಳಿ ಅನ್ನಿಸಿಕೊಳ್ಳುವುದೊಂದು. ಅವ್ವನ ಕಣ್ಣಲ್ಲಿ ಸಣ್ಣವಳಾಗುವುದು ಇನ್ನೊಂದು. ನೆಲ ನೋಡುತ್ತ ಕೂತೆ.

"ಏನಾತ್ರೀ ವೈನಿ?" ಅಂದರು ಕಾಕಾ.

ಅವ್ವ ರೊಟ್ಟಿಯನ್ನು ಕಟ್ಟನೆ ಮುರಿದಳು. ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದಳು. ಅಗಿಯುವುದು ಎಷ್ಟು ಹೊತ್ತು ಹಿಡಿಯಿತೆಂದರೆ ಅಪ್ಪ ತಲೆಯೆತ್ತಿ ನೋಡಿದರು.

"ಏನೂ ಆಗಿಲ್ಲ. ಕಡಕ್ ಐತಿ, ರುಚೀನೂ ಕೆಟ್ಟಿಲ್ಲ. ಬರೀರಿ."

"ಯಾವುದಕ್ಕ?"

"ಆಕಿ ಎಲ್ಲಿ ಅಂತಾಳೋ ಅಲ್ಲಿಗೆ."

ಅಪ್ಪ ಯುರೋಪಿನ ಮುಂದೆ ಗುರುತು ಹಾಕಿ ಸಹಿ ಮಾಡಿದರು. ಕಾಕಾ ನನ್ನ ಬೆನ್ನು ತಟ್ಟಿದರು. ಅವ್ವ ಉಳಿದ ರೊಟ್ಟಿಯನ್ನು ಉಡಿಯಲ್ಲಿ ಹಾಕಿಕೊಂಡು ಒಳಗೆ ಹೋದಳು. ಇಡೀ ದಿನ ನನ್ನ ಮುಖ ನೋಡಲಿಲ್ಲ. ನಾನೂ ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ. ಗೆದ್ದವರು ಹೀಗೆ ಇರುತ್ತಾರೆಯೇ?

ಸೋಮವಾರ ಬಸ್ಸಿಗೆ ಹೊರಟಾಗ ಅವ್ವ ಸೆರಗು ಹೊದ್ದುಕೊಂಡು ತಾನೇ ಹಿಂದೆ ಬಂದಳು. ಬೇವಿನ ಮರದ ಕೆಳಗೆ ನಿಂತೆವು. ದೂರದಲ್ಲಿ ಬಸ್ಸಿನ ದೂಳು ಕಂಡಿತು. ಇನ್ನು ತಡೆಯಲಾಗಲಿಲ್ಲ ನನಗೆ.

"ಅವ್ವಾ, ಆ ರೊಟ್ಟಿ…"

"ನಿನ್ನ ಕೈಯಾಂದು. ಗೊತ್ತೈತಿ."

"ತಪ್ಪಾತು ಬೇ. ಖರೆ ರೊಟ್ಟಿಗೆ ಬೂಷ್ಟು ಬಂದಿತ್ತು. ಹರದ ಹಾಕಲೇನು ಈ ಕಾಗದಾ?"

ಅವಳು ರಸ್ತೆಯನ್ನೇ ನೋಡುತ್ತಿದ್ದಳು.

"ಅದು ತಾನಾಗೆ ಬಂದಿದ್ದಲ್ಲ ಗಿರ್ಜಿ" ಅಂದಳು. "ನಾ ದಿನಾ ಮುಖಾ ತೊಳ್ಯಾಕ ಹೋದಾಗ ನಾಕ ಹನಿ ನೀರು ಚಿಮುಕಿಸಿ ಬರ್ತಿದ್ದೆ."

ನಮ್ಮವ್ವ! ಸಂತೆಯಲ್ಲಿ ಒಂದು ಬದನೆಕಾಯಿ ಹೆಚ್ಚು ಬಂದರೆ ವಾಪಸು ಹೋಗಿ ಕೊಟ್ಟು ಬರುವ ನಮ್ಮವ್ವ!

"ನೀ ಹೋಗಬಾರ್ದು ಅನಸ್ತಿತ್ತು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ, ಅದಕ್ಕ ರೊಟ್ಟಿ ಕಡಿಂದ ಅನಸಬೇಕಂತ ಮಾಡಿದ್ದೆ. ನಿನ್ನಿ ಬುಟ್ಟ್ಯಾಗ ನಿನ್ನ ರೊಟ್ಟಿ ನೋಡಿದೆ. ಹುಟ್ಟಿದಾಗಿಂದ ನನಗ ಒಂದ ಸುಳ್ಳ ಹೇಳಿದಾಕಿ ಅಲ್ಲ ನೀ. ಕದಿಯೂ ಮಟಾ ಹೋಗ್ಯಾಳ ಅಂದ್ರ ಇಲ್ಲಿರಾಕ ಹುಡುಗಿಗೆ ಎಷ್ಟ ಉಸಿರು ಕಟ್ಟಿರಬೇಕು ಅಂತ ಅನಿಸ್ತು. ನನಗ ಅಂಜಿಕಿ ಇತ್ತವಾ. ನನ್ನ ಅಂಜಿಕಿಗೆ ನಿನ್ನ ಕಟ್ಟಿ ಹಾಕಿದ್ರ ನಾಳೆ ನೀ ನನ್ನ ಬಾಜು ಇದ್ದೂ ಇರಂಗಿಲ್ಲ."

ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲು ಬಡಿದ. ನಾನು ಅವಳನ್ನು ಅಪ್ಪಿಕೊಂಡೆ. ನಮ್ಮ ಕಡೆ ಬೆಳೆದ ಹೆಣ್ಣುಮಕ್ಕಳು ಹಾದಿಯಲ್ಲಿ ಹಾಗೆಲ್ಲ ಅಪ್ಪಿಕೊಳ್ಳುವುದಿಲ್ಲ. ಅವ್ವ ನನ್ನ ಕೈ ಬಿಡಿಸಿ, "ಲಗೂ ಹತ್ತು. ಮತ್ತ ನನ್ನ ಮನಸ ತಿರುಗೀತು" ಅಂದಳು.

ಹತ್ತಿದೆ. ಧಾರವಾಡ ಮುಟ್ಟುವ ತನಕ ಅತ್ತೆ. ಕಚೇರಿಯ ಮೆಟ್ಟಿಲ ಮೇಲೆ ಅರ್ಧ ತಾಸು ಕೂತೆ, ಆ ಕಾಗದ ತೊಡೆಯ ಮೇಲಿಟ್ಟುಕೊಂಡು, ವಾಪಸು ಹೋಗಿಬಿಡಲೇ ಎಂದು ಹತ್ತು ಸಲ ಕೇಳಿಕೊಂಡು. ಆಮೇಲೆ ಎದ್ದು ಒಳಗೆ ಹೋಗಿ ಕೊಟ್ಟುಬಂದೆ.